ಹಸಿ ಸಂಡಿಗೆಯ ಮೇಲೊಂದು ಪಾಠ

ಮಾತಿನ ಭರದಲ್ಲಿ ಶೆಟ್ಟೆವ್ವ ಅಕ್ಕೋರ ಅಂಗಳದ ಹೊರಸಿನ ಮೇಲೆ ಕುಂತುಬಿಟ್ಟೆ. ಅದರ ತುಂಬ ಹಸಿ ಸಂಡಿಗೆ! ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು.

ಸವದತ್ತಿಯ ಅಂಗನವಾಡಿಯಿಂದ ನಿವೃತ್ತರಾದ ಅಕ್ಕೋರು ಪ್ರತಿ ರವಿವಾರ ಓಣಿಯ ಮಕ್ಕಳಿಂದ ಕತೆ ಬರೆಸುತ್ತಾರೆ. ಅವರ ಪಾಠ ಒಂದೇ: "ಇವತ್ತ ಕಣ್ಣಾರೆ ಕಂಡದ್ದು ಬರೀರಿ."

ನಾನೋ, ನಾಲ್ಕು ಪುಸ್ತಕ ಬರೆದ ಮಹಾಶಯ. ಮಗಳು ಮಾಲಾಳಿಗೆ ಮನೆಯಲ್ಲಿ ಮೂರು ವರ್ಷಗಳಿಂದ ಬೆಳದಿಂಗಳು, ಕೋಗಿಲೆ, ಕಲ್ಪನೆ ಎಂದು ಗಂಟಲು ಹರಿದುಕೊಂಡಿದ್ದೆ. ಅವಳು ಒಂದು ಸಾಲೂ ಬರೆದಿರಲಿಲ್ಲ. ಇಲ್ಲಿ ನಾನು ಪ್ಯಾಂಟು ತೊಳೆದುಕೊಂಡು ಬರುವಷ್ಟರಲ್ಲಿ ತಲೆಯೆತ್ತದೆ ಎರಡು ಪುಟ ತುಂಬಿಸಿದ್ದಳು.

ಹೊಟ್ಟೆ ಉರಿದುಹೋಯಿತು. "ಅಕ್ಕೋರ, ನನ್ನಿಂದ ಆಗಲಾರದ್ದು ನೀವ್ ಹೆಂಗ ಕಲಿಸಿದ್ರಿ?"

ಉಳಿದ ಸಂಡಿಗೆ ಆರಿಸುತ್ತ ಅಕ್ಕೋರು ಅಂದರು, "ನಾ ಏನೂ ಕಲಿಸಿಲ್ಲರಿ. ನೀವು ಕುಂತ್ರಿ, ಆಕಿ ಬರದ್ಲು."