ಊರ ಅಳಿಯನ ಜತೆ ಓಟ

ಬಿಡದಿ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಮೇ ಒಂದರ ರಜೆಗೆ ಕಾರ್ಮಿಕರು ಒಂದು ಓಟ ಇಟ್ಟಿದ್ದರು. ನಾನೂ ಅಕ್ಕನ ಗಂಡನೂ ಹೆಸರು ಕೊಟ್ಟೆವು. ಭಾವನ ನಡಿಗೆಯನ್ನು ನಾನು ಊರೆಲ್ಲ ಅಣಕಿಸಿ ತೋರಿಸುತ್ತಿದ್ದೆ. "ಸೋತ್ರೆ ಅದನ್ನ ಬುಟ್ಬುಡ್ಬೇಕು ಕಣ್ಲಾ" ಎಂದು ಅವರು ಷರತ್ತು ಹಾಕಿದರು. ನನಗೆ ಬರುತ್ತಿದ್ದ ವಿದ್ಯೆ ಅದೊಂದೇ.

ಚಪ್ಪಲಿಗೆ ಟಾರು ಅಂಟುವಷ್ಟು ಬಿಸಿಲು. ಭಾವ ಮುಂದೆ, ನಾನು ಹಿಂದೆ, ನನ್ನ ಹಿಂದೆ ಒಂದು ನಾಯಿ. ದಾರಿ ನಮ್ಮೂರೊಳಗೇ ಹಾದುಹೋಗುತ್ತಿತ್ತು. ಮನೆಗಳ ಮುಂದೆ ಹೆಂಗಸರು ಮಜ್ಜಿಗೆ ಹಿಡಿದು ನಿಂತಿದ್ದರು. ನಾನು ಊರ ಹುಡುಗ, ನಿಂತಲ್ಲೇ ಲೋಟ ಎತ್ತಿದೆ. ಭಾವ ಊರ ಅಳಿಯ. ನಮ್ಮ ದೊಡ್ಡಮ್ಮ ಅವರಿಗೆ ಅಡ್ಡ ನಿಂತು, "ಅಳಿಯಂದ್ರು ನಿಂತ್ಕಂಡು ಕುಡುದ್ರೆ ಜನ ಏನಂದಾರು? ಬನ್ನಿ, ಚಾಪೆ ಹಾಸಿವ್ನಿ" ಎಂದರು.

"ರೇಸು ನಡೀತೈತೆ ಅತ್ತೆ!"

"ನಡೀಲಿ ಬುಡಿ, ಒಸಿ ಕೂತ್ಕಂಡು ಓಡೀರಂತೆ."

ಭಾವ ಕೂತರು. ನಾನು ದಾಟಿದೆ. ನಾನು ಏದುಸಿರು ಬಿಡುತ್ತ ಗೆರೆ ಮುಟ್ಟಿದ ಎಷ್ಟೋ ಹೊತ್ತಿನ ಮೇಲೆ ಅವರು ಎಲೆಅಡಿಕೆ ಜಗಿಯುತ್ತ ಬಂದರು.

ಅಣಕಿಸುವ ಹಕ್ಕು ನನ್ನಲ್ಲೇ ಉಳಿಯಿತು. ಸಂಜೆ ಭಾವನ ನಡಿಗೆ ತೋರಿಸಲು ಹೊರಟರೆ ಕಾಲೇ ಏಳಲಿಲ್ಲ. "ನೀನು ಕೂತಿರ್ಲಾ" ಎಂದು ಅಕ್ಕ ಎದ್ದು ನನ್ನ ಓಟವನ್ನು ಅಣಕಿಸಿ ತೋರಿಸಿದಳು. ಚೆನ್ನಾಗಿಯೇ ಮಾಡಿದಳು.