ಗಾಡಿಗೆ ಕೊಟ್ಟ ತೀರ್ಥ

ಸೀಮೆಎಣ್ಣೆಯ ವಾಸನೆ ಒಮ್ಮೆ ಕೈಗೆ ಹತ್ತಿತೆಂದರೆ ಎರಡು ಸಲ ಸಾಬೂನು ಹಚ್ಚಿ ತೊಳೆದರೂ ಬಿಡುವುದಿಲ್ಲ. ಹೋದ ಚಳಿಗಾಲದ ಮೂರು ತಿಂಗಳು ನನ್ನ ಕೈಗಳು ಆ ವಾಸನೆಯನ್ನೇ ಹೊತ್ತು ತಿರುಗಿದವು. ಕಲಬುರಗಿಯ ನಮ್ಮ ಮನೆಯ ಪೋರ್ಚಿನಲ್ಲಿ ಹಳೆಯ ಅಂಬಾಸಿಡರ್ ಕಾರಿನ ಎಂಜಿನ್ ಬಿಚ್ಚಿ ಹಾಕಿದ್ದೆವು. ಅದರ ಬೋಲ್ಟು, ಸ್ಪ್ರಿಂಗು, ವಾಲ್ವುಗಳನ್ನೆಲ್ಲ ಹೋಳಿಗೆಯ ಕಣಕ ನಾದುವ ಪರಾತದಲ್ಲಿ ಸೀಮೆಎಣ್ಣೆ ಸುರಿದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುವುದು ನನ್ನ ಪಾಲಿನ ಕೆಲಸ. "ಇನ್ನ ಆ ಪರಾತದಾಗ ಹೋಳಿಗಿ ಮಾಡಿದ್ರ ನಾ ಉಣ್ಣಂಗಿಲ್ಲ ನೋಡು" ಎಂದು ನಮ್ಮ ಮನೆಯವರು ದಿನಕ್ಕೊಮ್ಮೆ ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ಮೂಗಿಗೆ ಆ ವಾಸನೆ ಅಡರಿದ ಕೂಡಲೇ ನಾನು ಐವತ್ತು ದಾಟಿದ ಶಾಲಾ ಮಾಸ್ತರಿಣಿಯಾಗಿ ಉಳಿಯುತ್ತಲೇ ಇರಲಿಲ್ಲ. ಇದೇ ಊರಿನ ಗಾಜಿಪುರ ಓಣಿಯ ತವರುಮನೆಯ ಅಂಗಳದಲ್ಲಿ ಕಾಕಾನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತ ಒಂಬತ್ತು ವರ್ಷದ ಸುಧಾ ಆಗಿಬಿಡುತ್ತಿದ್ದೆ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ. ಮನೆ ಹೋಗಿರುತ್ತದೆ, ಮಂದಿ ಹೋಗಿರುತ್ತಾರೆ, ವಾಸನೆ ಮಾತ್ರ ಎಲ್ಲೋ ಅಡಗಿ ಕುಳಿತಿರುತ್ತದೆ.

ಗಾಜಿಪುರದ ನಮ್ಮ ಮನೆಗೆ ಶಹಾಬಾದಿ ಕಲ್ಲಿನ ಹಾಸು. ಬೇಸಿಗೆಯ ಮಧ್ಯಾಹ್ನ ಆ ಕಲ್ಲಿನ ಮೇಲೆ ನೀರು ಚಿಮುಕಿಸಿ ಬರಿಮೈಯಲ್ಲಿ ಬೋರಲು ಮಲಗಿದರೆ ಬಿಸಿಲಿನ ಊರು ನಮ್ಮದೇ ಎಂಬುದು ಮರೆತುಹೋಗುತ್ತಿತ್ತು. ಅಜ್ಜ ಕಾರು ಕೊಂಡಾಗ ತಲಬಾಗಿಲು ಇಕ್ಕಟ್ಟಾಯಿತೆಂದು ಒಂದು ಬದಿಯ ಗೋಡೆ ಒಡೆಸಿ ಅಗಲ ಮಾಡಿಸಿದ್ದರಂತೆ. ಹಾಗಾಗಿ ಕೆನೆಬಣ್ಣದ ಅಂಬಾಸಿಡರ್ ನೇರ ಅಂಗಳಕ್ಕೆ ಬಂದು ತುಳಸಿಕಟ್ಟೆಯ ಬದಿಗೆ ನಿಲ್ಲುತ್ತಿತ್ತು; ಅವ್ವ ತುಳಸಿಗೆ ಪ್ರದಕ್ಷಿಣೆ ಹಾಕುವಾಗ ಕಾರಿಗೂ ಸೇರಿಸಿಯೇ ಹಾಕಬೇಕಾಗುತ್ತಿತ್ತು. ಅಜ್ಜ ತೀರಿಕೊಂಡ ಮೇಲೆ ಕಾರಿನ ಒಡೆತನ ಅಪ್ಪನದು, ಸ್ಟೇರಿಂಗು ಕಾಕಾನದು. ಅಪ್ಪ ಕೋರ್ಟಿನಲ್ಲಿ ದೊಡ್ಡ ಗುಮಾಸ್ತರು, ಮಡಿಯ ಮನುಷ್ಯ, ಅವರಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ. ಅವರ ತಮ್ಮ, ನಮ್ಮ ಕಾಕಾ, ಇನ್ನೂ ಮದುವೆಯಾಗದ ಮೂವತ್ತರ ಆಳು, ಭಾನುವಾರ ಅಪ್ಪ ದೇವರ ಮುಂದೆ ಎರಡು ತಾಸು ಕುಳಿತರೆ ಇವರು ಅಷ್ಟೇ ಹೊತ್ತು ಬಾನೆಟ್ಟು ಎತ್ತಿ ಅದರೊಳಗೆ ತಲೆ ಹಾಕಿರುತ್ತಿದ್ದರು. ಇಬ್ಬರದೂ ಪೂಜೆಯೇ, ದೇವರು ಬೇರೆ ಬೇರೆ ಎಂದು ಅವ್ವ ನಗುತ್ತಿದ್ದಳು. ಅಪ್ಪನಿಗೆ ಒಂದು ವಿಶೇಷವಿತ್ತು: ಸಿಟ್ಟು ಬಂದರೆ ಕನ್ನಡ ಬಿಟ್ಟು ಮರಾಠಿಗೆ ಇಳಿಯುತ್ತಿದ್ದರು. ಮನೆಯಲ್ಲಿ ಮರಾಠಿ ಕೇಳಿಸಿತೆಂದರೆ ನಾವೆಲ್ಲ ಹಿತ್ತಲಿಗೆ ಓಡುತ್ತಿದ್ದೆವು.

ಪೂಜೆ ಮುಗಿದ ಮೇಲೆ ಅಪ್ಪ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ತಾಮ್ರದ ಉದ್ಧರಣೆಯಿಂದ ಮೂರು ಮೂರು ಸಲ ತೀರ್ಥ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಇದ್ದವರಿಗೆಲ್ಲ ತೀರ್ಥ ಸಿಕ್ಕಲೇಬೇಕು. ಜ್ವರದಲ್ಲಿ ಮಲಗಿದವರ ಬಾಯಿಗೂ ತಂದು ಹಾಕುತ್ತಿದ್ದರು. ತೀರ್ಥ ತಗೊಳ್ಳದೆ ಮನೆ ಬಿಟ್ಟು ಹೊರಟವನ ದಾರಿ ಸುಖವಿಲ್ಲ ಎಂಬುದು ಅಪ್ಪನ ಮಾತು. ನನಗೆ ಒಂಬತ್ತು ತುಂಬಿದ ವರ್ಷದ ಮಹಾನವಮಿಯ ದಿನ ಕಾರಿಗೂ ಪೂಜೆಯಾಯಿತು. ಕಾಕಾ ಅದನ್ನು ಮದುಮಗನ ಹಾಗೆ ತೊಳೆದು ಒರೆಸಿದ್ದರು. ಚೆಂಡುಹೂವಿನ ಮಾಲೆ, ಬಾನೆಟ್ಟಿನ ಮೇಲೆ ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು, ಎಲ್ಲವೂ ಸರಿಯಾಗಿಯೇ ನಡೆಯಿತು. ಆಮೇಲೆ ಒಳಗೆ ಪಂಚಾಮೃತ ಹಂಚಿದರು. ನನಗೆ ಬಂತು, ಅವ್ವನಿಗೆ ಬಂತು, ಕಾಕಾನಿಗೆ ಬಂತು. ಕಾರಿಗೆ ಮಾತ್ರ ಯಾರೂ ಕೊಡಲಿಲ್ಲ. ದಸರೆಯ ಮರುದಿನ ಅದೇ ಕಾರಿನಲ್ಲಿ ಕಮಲಾಪುರಕ್ಕೆ, ನಮ್ಮ ಬಾಳೆಯ ತೋಟಕ್ಕೆ ಹೋಗಿ, ಅಲ್ಲಿಯ ನೆಂಟರಿಗೆ ಬನ್ನಿ ಕೊಟ್ಟು ಬರುವುದಿತ್ತು. ತೀರ್ಥವಿಲ್ಲದೆ ಅಷ್ಟು ದೂರ ಹೊರಡುವುದು ಹೇಗೆ? ಎಲ್ಲರೂ ಊಟಕ್ಕೆ ಕುಳಿತಾಗ ನಾನು ಬಟ್ಟಲಲ್ಲಿ ಉಳಿದಿದ್ದ ಪಂಚಾಮೃತ ತೆಗೆದುಕೊಂಡು ಅಂಗಳಕ್ಕೆ ಬಂದೆ. ಎಂಜಿನ್ನಿಗೂ ಕುಂಕುಮ ಹಚ್ಚಲು ಎತ್ತಿದ್ದ ಬಾನೆಟ್ಟು ಇನ್ನೂ ತೆರೆದೇ ಇತ್ತು. ಎಂಜಿನ್ನಿನ ನೆತ್ತಿಯ ಮೇಲಿನ ಮುಚ್ಚಳ ತಿರುವಿ ಕಾಕಾ ಎಣ್ಣೆ ಹಾಕುವುದನ್ನು ನೂರು ಸಲ ನೋಡಿದ್ದೆ. ಅದೇ ಗಾಡಿಯ ಬಾಯಿ ಎಂದು ತಿಳಿದಿದ್ದೆ. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಸೇರಿದ ಅದನ್ನು ಮೂರು ಉದ್ಧರಣೆ ಸುರಿದು, ಮುಚ್ಚಳ ಬಿಗಿದು, ಗಾಡಿಗೆ ಕೈಮುಗಿದು ಬಂದು ಊಟಕ್ಕೆ ಕುಳಿತೆ.

ಮೂರನೆಯ ದಿನ ಬೆಳಿಗ್ಗೆ ಹೊರಟೆವು. ಮಹಾಗಾಂವ ದಾಟಿ ಸ್ವಲ್ಪ ದೂರ ಹೋಗುತ್ತಲೂ ಎಂಜಿನ್ನಿನೊಳಗೆ ಟಕಟಕ ಶುರುವಾಯಿತು. ಕಾಕಾ ಗಾಡಿಯನ್ನು ಬದಿಗೆ ತರುವಷ್ಟರಲ್ಲಿ ಕಿರ್ರೆಂದು ಒಂದು ಸದ್ದು ಬಂದು ಎಲ್ಲ ನಿಂತುಹೋಯಿತು. ಅಪ್ಪ ಕೆಳಗಿಳಿದರು. "ಎಣ್ಣಿ ನೋಡಿದ್ದೇನು?" "ನೋಡೀನಿ ಅಣ್ಣಾ, ನಿನ್ನೆನ ಪುರಾ ಹಾಕೀನಿ. ತಡಿ, ಕಡ್ಡಿ ತಗದು ತೋರಸ್ತೀನಿ." "ಹಾಕಿದ್ರ ಹಿಂಗ್ಯಾಕ ಆತು? ಮುಟ್ಟಬ್ಯಾಡ ಗಾಡಿಗೆ! ನಿನ್ನ ಕೈಯಾಗ ಕೊಟ್ಟಿದ್ದ ನಂದು ತಪ್ಪು." ಅಷ್ಟು ಹೇಳಿ ಅಪ್ಪ ಮರಾಠಿಗೆ ಇಳಿದರು. ದಾರಿಹೋಕರು ನಿಂತು ನೋಡುತ್ತಿದ್ದರು. ಅಷ್ಟು ಮಂದಿಯ ಮುಂದೆ ಆಡಬಾರದ ಮಾತು ಆಡಿದರು. ಕಾಕಾ ಕೀಲಿಯನ್ನು ಬಾನೆಟ್ಟಿನ ಮೇಲೆ ಇಟ್ಟು, ಕಮಲಾಪುರದ ದಿಕ್ಕಿಗೆ ನಡೆದೇ ಹೋದರು. ಹಿಂದಿನ ಸೀಟಿನಲ್ಲಿ ಬನ್ನಿಯ ಪೊಟ್ಟಣ ಅವುಚಿಕೊಂಡು ಕುಳಿತ ನನಗೆ ಮಾತ್ರ ಗೊತ್ತಿತ್ತು, ಗಾಡಿಯನ್ನು ಕೊಂದವಳು ನಾನು ಎಂದು. ಆವತ್ತು ಹೆದರಿಕೆಗೆ ಹೇಳಲಿಲ್ಲ. ಮರುದಿನ, ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿಯಾರೆಂದು ಹೇಳಲಿಲ್ಲ. ಹೀಗೆ ಒಂದೊಂದು ದಿನ ಕಳೆದಂತೆ ಹೇಳುವುದು ಇನ್ನಷ್ಟು ಕಷ್ಟವಾಗುತ್ತ ಹೋಯಿತು.

ಲಾರಿಗೆ ಹಗ್ಗ ಕಟ್ಟಿ ಕಾರನ್ನು ಮನೆಗೆ ಎಳೆದು ತಂದರು. ಹಾಳು ಮಾಡಿದವನೇ ಮಾಡಿಸಲಿ ಎಂದರು ಅಪ್ಪ. ಮಾಡದ ತಪ್ಪಿಗೆ ನಾನ್ಯಾಕೆ ಮಾಡಿಸಲಿ ಎಂದು ಕಾಕಾ ಹೇಳಿ ಕಳಿಸಿದರು. ಯಾರೂ ಬಿಚ್ಚಿ ನೋಡದೆ ಕಾರು ತುಳಸಿಕಟ್ಟೆಯ ಬದಿಗೆ ಹಾಗೆಯೇ ನಿಂತಿತು. ಅವರು ಕಮಲಾಪುರದಲ್ಲೇ ಉಳಿದರು, ತೋಟ ನೋಡಿಕೊಂಡರು, ಅಲ್ಲಿಯೇ ಸಂಸಾರ ಹೂಡಿದರು. ಒಂದು ಕಡ್ಡಿ ಹೊರಗೆಳೆದು ಎಣ್ಣೆ ಎಷ್ಟಿದೆ ಎಂದು ನೋಡಲು ಒಂದು ನಿಮಿಷ ಸಾಕು. ನಮ್ಮ ಮನೆಯ ಇಬ್ಬರು ಗಂಡಸರಿಗೆ ಆ ಒಂದು ನಿಮಿಷ ಜೀವಮಾನದಲ್ಲಿ ಸಿಗಲಿಲ್ಲ. ಮದುವೆ ಮುಂಜಿಗಳಲ್ಲಿ ಭೇಟಿಯಾದರೆ ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದರು. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ ಎಂದು ಅವ್ವ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಸ್ಥಿತಿ ಅದೇ. ಯಾರಾದರೂ ಆ ಕಾರಿನ ಮಾತೆತ್ತಿದರೆ ನಾನು ಎದ್ದು ಹೋಗುತ್ತಿದ್ದೆ. ದೊಡ್ಡವಳಾದ ಮೇಲೆ ಕಮಲಾಪುರಕ್ಕೆ ಹೋದಾಗಲೆಲ್ಲ ಕಾಕಾ ತೋಟದ ಕೆಂಪು ಬಾಳೆಹಣ್ಣು ಸುಲಿದು ಕೈಗಿಡುತ್ತಿದ್ದರು. ಅವರು ಆ ಕಡೆ ತಿರುಗಿದ ಕೂಡಲೇ ನಾನು ಅದನ್ನು ಅಲ್ಲಿದ್ದ ಮಕ್ಕಳ ಕೈಗೆ ದಾಟಿಸಿಬಿಡುತ್ತಿದ್ದೆ.

ಅವ್ವ ಹೋದಳು, ಕೆಲವು ವರ್ಷಗಳ ಹಿಂದೆ ಅಪ್ಪನೂ ಹೋದರು. ಕಾಕಾ ಬಂದು ದೂರ ನಿಂತು ನೋಡಿ, ಸ್ನಾನ ಮಾಡಿ ಬಸ್ಸು ಹತ್ತಿದರು. ಆಮೇಲೆ ಗಾಜಿಪುರದ ಮನೆ ಪಾಲಾಯಿತು. ಈಗ ಅಲ್ಲಿ ಮೂರು ಅಂತಸ್ತಿನ ಅಂಗಡಿಗಳಿವೆ. ಎದುರು ನಿಂತರೆ ತುಳಸಿಕಟ್ಟೆ ಯಾವ ಜಾಗದಲ್ಲಿತ್ತು ಎಂದು ನನಗೇ ಹೇಳಲಾಗುವುದಿಲ್ಲ. ಮನೆ ಕೆಡವುವಾಗ ಕಾರನ್ನು ಗುಜರಿಯವನಿಗೆ ಹಾಕಲು ಎಲ್ಲರೂ ಒಪ್ಪಿದ್ದರು. ನಾನೊಬ್ಬಳು ಬೇಡವೆಂದು ಹಟ ಹಿಡಿದು ನಮ್ಮ ಮನೆಗೆ ತರಿಸಿದೆ. ಹಳೆಯ ಕಾರಿನ ಶೋಕಿ ಎಂದು ಎಲ್ಲರೂ ತಿಳಿದರು. ಶೋಕಿಯಲ್ಲ. ಕಾಕಾ ಎಪ್ಪತ್ತು ದಾಟಿದ್ದರು. ಅವರಿರುವಾಗಲೇ ಹೇಳಬೇಕಿತ್ತು. ಹೇಳುವ ಮೊದಲು, ಆವತ್ತು ಕೊಂದದ್ದು ನಾನೇ ಹೌದೋ ಅಲ್ಲವೋ ಎಂದು ನನಗೆ ತಿಳಿಯಬೇಕಿತ್ತು.

ಸ್ಟೇಶನ್ ಬಜಾರದಲ್ಲಿ ಬಹಳ ವರ್ಷ ಗ್ಯಾರೇಜು ನಡೆಸಿ ಈಗ ಮನೆಯಲ್ಲಿದ್ದ ಶರಣಪ್ಪ ಮಿಸ್ತ್ರಿಯನ್ನು ಹಿಡಿದು ತಂದೆ. ದಪ್ಪ ಕನ್ನಡಕ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಅವರು ಮೊದಲು ಗಾಡಿಗೆ ಕೈಮುಗಿದು ಆಮೇಲೆ ಬೋಲ್ಟು ಬಿಚ್ಚುವ ಪಾನಾ ಹಿಡಿದರು. ಎಣ್ಣೆ ಅಳೆಯುವ ಕಡ್ಡಿ ತುಕ್ಕು ಹಿಡಿದು ಕೂತಲ್ಲೇ ಕೂತಿತ್ತು. ಹಾಗಾಗಿ ಕೆಳಗಿನ ಬೋಲ್ಟನ್ನೇ ಬಿಚ್ಚಿದರು. ಕಪ್ಪು ಎಣ್ಣೆ ಕಾಕಂಬಿಯ ಹಾಗೆ ಇಳಿಯತೊಡಗಿತು. ನಿಂತೀತು, ಈಗ ನಿಂತೀತು ಎಂದು ನೋಡುತ್ತಿದ್ದೆ. ಅದು ಇಳಿಯುತ್ತಲೇ ಇತ್ತು. "ಅಕ್ಕಾರ, ನೋಡ್ರಿಲ್ಲಿ" ಎಂದರು ಮಿಸ್ತ್ರಿ. "ಇಷ್ಟು ವರ್ಷ ಸೋರಿ ಸೋರಿ ಇನ್ನೂ ಇಷ್ಟದ ಅಂದ್ರ, ಅವತ್ತ ಪುರಾ ತುಂಬಿತ್ತು. ಎಣ್ಣಿ ಇಲ್ದ ಜಾಮ್ ಆದ ಎಂಜಿನ್ ಅಲ್ಲ ಇದು." ಕಾಕಾ ಸುಳ್ಳು ಹೇಳಿರಲಿಲ್ಲ. ಸಂತೋಷಪಡಬೇಕಿತ್ತು, ಆಗಲಿಲ್ಲ. ಕಾಕಾನ ತಪ್ಪಿಲ್ಲವೆಂದರೆ ಉಳಿದವಳು ನಾನೊಬ್ಬಳೇ. ತಡೆಯಲಾರದೆ, ಯಾರಿಗೂ ಹೇಳದ ಮಾತನ್ನು ಆ ಹೊರಗಿನ ಮನುಷ್ಯನ ಮುಂದೆ ಹೇಳಿಬಿಟ್ಟೆ. ಅವರು ನಗಲಿಲ್ಲ. ಕನ್ನಡಕದ ಮೇಲಿಂದ ನೋಡಿ, "ಎಷ್ಟು ಹಾಕಿದ್ರಿ?" ಎಂದರು. ಮೂರು ಉದ್ಧರಣೆ ಎಂದೆ. "ಹಾಲು ಸಕ್ಕರಿ ಎಂಜಿನ್ನಿಗೆ ಒಳ್ಳೇದಲ್ಲ, ಖರೆ. ಆದ್ರ ಅಷ್ಟಕ್ಕ ಸಾಯಂಗಿಲ್ರಿ ಇದು. ತಡೀರಿ, ಫಿಕರ್ ಮಾಡಬ್ಯಾಡ್ರಿ, ಪುರಾ ಬಿಚ್ಚಿ ನೋಡೋಣು."

ಬಿಚ್ಚುವುದಕ್ಕೆ ಇನ್ನೂ ಎರಡು ದಿನ ಹಿಡಿಯಿತು. ಆ ಎರಡು ದಿನ ಶಾಲೆಯಲ್ಲಿ ನಾನು ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಪೋರ್ಚಿನ ಗರ್ಡರಿಗೆ ಸರಪಳಿ ಕಟ್ಟಿ ಎಂಜಿನ್ ಮೇಲೆತ್ತಿ, ತಿರುವಿ ಹಾಕಿ, ಅಡಿಯ ತಟ್ಟೆ ತೆಗೆದರು. ಒಳಗೆ ಬೇರಿಂಗುಗಳು ಸುಟ್ಟು ನೀಲಿಗಟ್ಟಿದ್ದವು. ಮಿಸ್ತ್ರಿ ಮುಷ್ಟಿಗಾತ್ರದ ಒಂದು ಪಂಪನ್ನು ಬಿಚ್ಚಿ, ಅದರಿಂದ ಬೆರಳುದ್ದದ ಕಬ್ಬಿಣದ ತುಂಡನ್ನು ತೆಗೆದು ನನ್ನ ಅಂಗೈಯಲ್ಲಿ ಇಟ್ಟರು. ಅದರ ಇನ್ನೊಂದು ತುಂಡು ಎಂಜಿನ್ನಿನೊಳಗೇ ಸಿಕ್ಕಿಕೊಂಡಿತ್ತು. "ಇದು ಎಣ್ಣಿ ಮ್ಯಾಲ ಏರಿಸೋ ಪಂಪಿನ ಶಾಫ್ಟು. ನಡಬರಕ ಮುರದದ. ಬಾವಿ ತುಂಬ ನೀರದ, ಹಗ್ಗ ಹರದದ, ಅಷ್ಟ." ಯಾರ ತಪ್ಪು ಎಂದು ಕೇಳಿದೆ. "ಯಾರದೂ ಅಲ್ರಿ. ಕಬ್ಬಿಣ ಅದ, ಹಳೇದಾಗಿತ್ತು, ಮುರೀತು." ನಾನು ಮೆಟ್ಟಿಲ ಮೇಲೆ ಕುಸಿದು ಕುಳಿತು ಅತ್ತೆ. ದುಃಖಕ್ಕಲ್ಲ. ಎದೆಯ ಮೇಲೆ ಕೂತಿದ್ದ ಭಾರ ಎದ್ದು ಹೋದಾಗ ಏನು ಮಾಡಬೇಕೆಂದು ತಿಳಿಯದೆ ಅತ್ತೆ. ಶರಣಪ್ಪ ಮಿಸ್ತ್ರಿ ಏನೂ ಕಾಣದವರಂತೆ ಬೋಲ್ಟುಗಳನ್ನು ಒರೆಸುತ್ತ ಕುಳಿತರು.

ಕಾಕಾನಿಗೆ ಫೋನು ಮಾಡಿ, ಗಾಡಿ ಬಿಚ್ಚಿದ್ದೇವೆ, ಒಮ್ಮೆ ಬಾ ಎಂದೆ. "ಗುಜರಿಗೆ ಹಾಕು ಅದನ್ನ" ಎಂದು ಇಟ್ಟುಬಿಟ್ಟರು. ಫೋನಿನಲ್ಲಿ ಹೇಳುವ ಮಾತು ಅದಲ್ಲವೆಂದು ನಾನೂ ಸುಮ್ಮನಾದೆ. ಹೈದರಾಬಾದಿನಿಂದ ಹೊಸ ಬೇರಿಂಗು, ಪಂಪು ಬಂದವು. ಮಿಸ್ತ್ರಿ ಎಲ್ಲವನ್ನೂ ಜೋಡಿಸುತ್ತ ಬಂದರು, ನಾನು ತೊಳೆದು ಕೊಡುತ್ತ ಬಂದೆ. ಎಂಜಿನ್ ತಿರುಗಿ ಗಾಡಿಯೊಳಗೆ ಕೂತ ದಿನ, ಯಾರು ಸುದ್ದಿ ಮುಟ್ಟಿಸಿದರೋ, ಮಧ್ಯಾಹ್ನದ ಹೊತ್ತಿಗೆ ಕಾಕಾ ಗೇಟಿನಲ್ಲಿ ನಿಂತಿದ್ದರು. ಬಿಳಿ ಧೋತರ, ಬಗಲಲ್ಲಿ ಚೀಲ. ಒಳಗೆ ಬರಲಿಲ್ಲ, ನೀರೂ ಕೇಳಲಿಲ್ಲ, ಕಾರನ್ನೇ ನೋಡುತ್ತಿದ್ದರು. ನಾನು ಮುರಿದ ಶಾಫ್ಟನ್ನು ತಂದು ಅವರ ಕೈಗಿಟ್ಟೆ. ಮಿಸ್ತ್ರಿ ಹೇಳಿದ್ದನ್ನೆಲ್ಲ ಹೇಳಿದೆ.

"ಎಣ್ಣಿ ಪುರಾ ಇತ್ತೇನು?" ಎಂದರು. ಇತ್ತು ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದರು. ಆಮೇಲೆ ಮೆಟ್ಟಿಲ ಮೇಲೆ ಕುಳಿತು, "ಮೊದಲ ವರ್ಷ ನನಗ ಖಾತ್ರಿ ಇತ್ತು ಸುಧಿ. ಆಮ್ಯಾಲ ಮಂದಿ ಎಲ್ಲಾ ನೀ ಹಾಕಿಲ್ಲ, ಹಾಕಿಲ್ಲ ಅಂದ್ರ, ನಂಗೂ ಹಾಕಿಲ್ಲೇನೋ ಅಂತ ಅನಸಲಿಕ್ಕತ್ತಿತ್ತು. ಅದಕ್ಕ ಎದುರು ನಿಂತು ಮಾತಾಡಲಿಕ್ಕ ಆಗಲಿಲ್ಲ ನೋಡು" ಎಂದರು. ಅವರ ಪಕ್ಕ ಕುಳಿತು ನಾನೂ ನನ್ನ ಮೂರು ಉದ್ಧರಣೆಯ ಕಥೆ ಹೇಳಿದೆ. ಹೇಳುವಾಗ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ಹೇಳಿ ಮುಗಿಸುತ್ತಲೇ ಕಾಕಾನ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಹೆದರಿ ತಲೆಯೆತ್ತಿದೆ. ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು.

"ಹುಚ್ಚಿ, ಇಷ್ಟು ವರ್ಷ ಇದನ್ನ ಹೊತ್ಕೊಂಡು ತಿರಗಿದೇನು? ಅವತ್ತ ಹೇಳಿದ್ರ ಏನಾಗ್ತಿತ್ತು ಹೇಳ್ಲಾ? ಅಣ್ಣ ನಿನಗ ಹೊಡೀಲಿಕ್ಕ ಬರ್ತಿದ್ದ, ನಾ ನಡುವ ಬರ್ತಿದ್ದೆ. ಜಗಳ ಹ್ಯಾಂಗೂ ಆಗೇ ಆಗ್ತಿತ್ತು."

ಅಪ್ಪನ ಜೊತೆ ಮಾತು ಬಿಟ್ಟಂದಿನಿಂದ ನನ್ನೆದುರು ಅವರನ್ನು ಕಾಕಾ "ನಿಮ್ಮಪ್ಪ" ಎಂದೇ ಕರೆಯುತ್ತ ಬಂದಿದ್ದರು. ಅಪ್ಪ ತೀರಿಹೋದ ದಿನವೂ "ನಿಮ್ಮಪ್ಪಗ ಎಷ್ಟೊತ್ತಿಗೆ ಹಿಂಗಾತು" ಎಂದೇ ಕೇಳಿದ್ದರು. ಈಗ ಅವರ ಬಾಯಿಗೆ ಬಂದದ್ದು "ಅಣ್ಣ." ಅವರಿಗೆ ಅದು ತಿಳಿದಂತೆ ಕಾಣಲಿಲ್ಲ. ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ಕೀಲಿ ಎಲ್ಲಿ ಎಂದು ಮಿಸ್ತ್ರಿಯನ್ನು ಕೇಳುತ್ತ ಎದ್ದರು. ಆ ಒಂದು ಮಾತಿಗಾಗಿ ಅಪ್ಪ ಎಷ್ಟು ವರ್ಷ ಕಾದರೋ, ಈಗ ಕೇಳಲು ಅವರಿರಲಿಲ್ಲ. ನಾನು ಕೇಳಿಸಿಕೊಂಡೆ.