ಹಿರಿಯೂರಿನಲ್ಲಿ ಬಿಟ್ಟ ಉದ್ದನೆ ಕೋಲು

ಹಿರಿಯೂರು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನನ್ನ ಗಾಲ್ಫ್ ಕೋಲುಗಳನ್ನೆಲ್ಲ ಹರಡಿಕೊಂಡು ಕೂತೆ. ನಾಳೆ ಬೆಂಗಳೂರಿನಲ್ಲಿ ಕಚೇರಿಯವರ ಪಂದ್ಯ. ಒಬ್ಬರಿಗೆ ಐದೇ ಕೋಲು ಎಂದು ಈಗಷ್ಟೇ ಫೋನಿನಲ್ಲಿ ತಿಳಿಸಿದರು. ಉಳಿದವನ್ನು, ನನ್ನನ್ನು ಕಳಿಸಲು ಬಂದ ಅವ್ವ ಯಲ್ಲದಕೆರೆಗೆ ವಾಪಸ್ ಒಯ್ಯಬೇಕು. ಕುರಿ ಕಾಯುವವರ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಮೇಲಧಿಕಾರಿಗಳ ಜೊತೆ ಆಡುತ್ತಿರುವುದು ಇದೇ ಮೊದಲು, ನಗೆಪಾಟಲಾಗಬಾರದು.

ಎಲ್ಲಕ್ಕಿಂತ ಉದ್ದದ, ದಪ್ಪ ತಲೆಯ ಕೋಲನ್ನು ಪಕ್ಕಕ್ಕಿಟ್ಟೆ. ಅವ್ವನಿಗೆ ಸರಿಬರಲಿಲ್ಲ.

“ದೊಡ್ಡದನ್ನೇ ಬಿಡ್ತೀಯಲ್ಲೋ. ದೊಡ್ಡೋರ ಮುಂದೆ ಇದಿದ್ರೇ ಚೆಂದ.”

“ಅದು ನನ್ನ ಮಾತು ಕೇಳಲ್ಲವ್ವ. ಹೊಡೆದ್ರೆ ಚೆಂಡು ಬೇಲಿಗೆ ಹೋಗ್ತೈತೆ.”

ಅವ್ವ ಟಗರಿನ ಕೊಂಬು ಹಿಡಿದಂತೆ ಅದರ ತಲೆ ಹಿಡಿದು ನೋಡಿದಳು.

“ಮಾತು ಕೇಳದ ಟಗರನ್ನ ಮಂದಿ ಮುಂದೆ ಯಾಕೆ ಹಿಡ್ಕಂಡು ಹೋಗ್ತೀಯ? ಬಿಡು, ಮನೇಲಿರ್ಲಿ.”

ಚೆಂಡನ್ನು ಗುಂಡಿಗೆ ನೂಕುವ ಗಿಡ್ಡ ಕೋಲನ್ನು ಅವಳೇ ಸೆರಗಿನಿಂದ ಒರೆಸಿ ನನ್ನ ಚೀಲಕ್ಕೆ ಹಾಕಿದಳು.

ಅವಳ ಬಸ್ಸು ಮೊದಲು ಬಂತು. ಕೈಯಲ್ಲಿದ್ದ ಉದ್ದನೆ ಕೋಲು ನೋಡಿ ಕಂಡಕ್ಟರ್ ಬಾಗಿಲಲ್ಲೇ ತಡೆದ. “ಏನಜ್ಜಿ, ಯಾರಿಗೆ ಹೊಡೆಯಾಕೆ ಇದು?”

“ನನ್ನ ಮಗಂದು ಕಣಪ್ಪ,” ಎಂದಳು ಅವ್ವ, ಬಸ್ಸಿಗೆಲ್ಲ ಕೇಳುವಂತೆ. “ಇದಿಲ್ದೇನೇ ಗೆಲ್ತಾನೆ ಅವನು.”